ವೇರಿಯಂಟ್ ಅಂದರೆ ಹಳೇ ವರ್ಷನ್ ಅಲ್ಲ

ಮೊನ್ನೆ ಮತ್ತೆ ಅದೇ ಕತೆ. ಗೆಳೆಯರೊಬ್ಬರ ಡೆಬಿಯನ್ 12 (ಒಂದು ಲಿನಕ್ಸ್) ಸರ್ವರ್‌ನಲ್ಲಿ ವಿಐ ಅನ್ನುವ ಟೆಕ್ಸ್ಟ್ ಎಡಿಟರ್ ತೆರೆದರೆ ಕೋಡಿಗೆ ಬಣ್ಣವಿಲ್ಲ. ಬಾಣದ ಕೀ ಒತ್ತಿದರೆ ಎ, ಬಿ, ಸಿ, ಡಿ ಅಂತ ಅಕ್ಷರ ಬೀಳುತ್ತಿದೆ. "ಹಳೇ ಆವೃತ್ತಿ ಇರಬೇಕು" ಅಂತ ಮೂರು ಸಲ ಅಪ್‌ಗ್ರೇಡ್ ಮಾಡಿ ಕೂತಿದ್ದರು. ಸರಿ ಹೋಗುವುದಾದರೂ ಹೇಗೆ? ವಿಐ ಅಂತ ತೆರೆದುಕೊಂಡದ್ದು ವಿಮ್-ಟೈನಿ, ಅಂದರೆ ವಿಮ್ ಎಡಿಟರಿನ ತೀರಾ ಚಿಕ್ಕ ಬಗೆ. ಅದರ ವರ್ಷನ್ 9.0.1378, ದೊಡ್ಡ ವಿಮ್‌ನದ್ದೂ ಅದೇ. ಅವರಿಗೆ ಬೇಕಿದ್ದದ್ದು ಬೇರೆ ವೇರಿಯಂಟ್.

ಈ ಗೊಂದಲದಲ್ಲಿ 'ಆವೃತ್ತಿ' ಪದದ ತಪ್ಪೇನೂ ಇಲ್ಲ. ಸಂಸ್ಕೃತದ 'ವೃತ್' ಅಂದರೆ ತಿರುಗು. ಮತ್ತೆ ತಿರುಗಿ ಬರುವುದು ಆವೃತ್ತಿ. ನೀರಿನ ಸುಳಿಗೆ ಆವರ್ತ ಅನ್ನುವುದು, ತಾಳ ಒಂದು ಸುತ್ತು ಮುಗಿಸಿದರೆ ಒಂದು ಆವರ್ತ ಅನ್ನುವುದು, ಪುನರಾವರ್ತನೆ, ಎಲ್ಲ ಇದೇ ಕುಟುಂಬ. ಪುಸ್ತಕದ ಎರಡನೇ ಆವೃತ್ತಿ ಮೊದಲನೆಯದಾದ ಮೇಲೆಯೇ ಬರಬೇಕು. ತಮಾಷೆ ಅಂದರೆ 'ವರ್ಷನ್' ಹುಟ್ಟಿದ ಲ್ಯಾಟಿನ್‌ನ 'ವೆರ್ತೆರೆ'ಗೂ ತಿರುಗಿಸು ಅಂತಲೇ ಅರ್ಥ. ಅದೂ ನಮ್ಮ ವೃತ್ತೂ ಒಂದೇ ಬೇರಿನ ಚಿಗುರು. ಹಾಗಾಗಿ ವರ್ಷನ್‌ಗೆ ಆವೃತ್ತಿ ಅಂದವರು ಜಾಣರೇ. ವೇರಿಯಂಟ್ ಮಾತ್ರ 'ವಾರಿಯುಸ್', ಅಂದರೆ ಬಗೆಬಗೆಯ ಅನ್ನುವ ಪದದಿಂದ ಬಂದದ್ದು. ಅದರಲ್ಲಿ ಹಿಂದೆ ಮುಂದೆ ಇಲ್ಲ, ಅಕ್ಕಪಕ್ಕ ಇದೆ. ಕೊರೊನಾ ಕಾಲದಲ್ಲಿ ಪತ್ರಿಕೆಗಳು ಇದಕ್ಕೆ 'ರೂಪಾಂತರಿ' ಅಂದವು. ವೈರಸ್ಸಿಗೆ ಅದು ಸರಿ, ಅಲ್ಲಿ ಒಂದು ಮತ್ತೊಂದಾಗಿ ಬದಲಾಗುತ್ತದೆ. ಸಾಫ್ಟ್‌ವೇರಿಗೆ ಹೊಂದುವುದಿಲ್ಲ. ನನ್ನ ಓಟು 'ಬಗೆ'ಗೆ.

ಕಾರ್ ಶೋರೂಮಿನಲ್ಲಿ ಯಾರಿಗೂ ಈ ಗೊಂದಲ ಆಗುವುದಿಲ್ಲ, ಅಲ್ವಾ? ಹೋದ ವರ್ಷದ ಮಾಡೆಲ್ ಬೇರೆ, ಟಾಪ್ ಎಂಡ್ ವೇರಿಯಂಟ್ ಬೇರೆ ಅಂತ ಎಲ್ಲರಿಗೂ ಗೊತ್ತು. ಕಂಪ್ಯೂಟರ್ ಮುಂದೆ ಕೂತಾಗ ಯಾಕೋ ಮರೆತುಹೋಗುತ್ತದೆ. ವಿಮ್‌ನ ಮೂಲ ಕೋಡ್ ಒಂದೇ. ಕಂಪೈಲ್ ಮಾಡುವಾಗ, ಅಂದರೆ ಆ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವಾಗ, ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದರಲ್ಲಿ ವ್ಯತ್ಯಾಸ. ವಿಮ್-ಜಿಟಿಕೆ3ಯಲ್ಲಿ ಕಿಟಕಿ, ಕ್ಲಿಪ್‌ಬೋರ್ಡ್ ಇವೆ. ವಿಮ್-ನಾಕ್ಸ್‌ನಲ್ಲಿ ಅವು ಇಲ್ಲ, ಆದರೆ ಪೈಥಾನ್, ಪರ್ಲ್, ರೂಬಿ, ಲುವಾ ಭಾಷೆಗಳ ಬೆಂಬಲ ಇದೆ. (ಅದು ನಾಕ್ಸ್ ಅಲ್ಲ, 'ನೋ ಎಕ್ಸ್'. ಪರದೆಯಲ್ಲಿ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ಬೇಡ ಅಂತ ಅರ್ಥ. ಯಾರೂ ಹಾಗೆ ಓದುವುದಿಲ್ಲ, ನಾನೂ ಬಿಟ್ಟುಬಿಟ್ಟಿದ್ದೇನೆ.)

"ನಮಗೂ ಒಂದು ವೇರಿಯಂಟ್ ಮಾಡಿಕೊಡಿ, ಏನು ಮಹಾ" ಅನ್ನುವವರು ಎಡವುವುದೂ ಇಲ್ಲೇ. ವರ್ಷನ್ ಹಳೆಯದಾಗುತ್ತದೆ, ಒಂದು ದಿನ ಕೈಬಿಡಬಹುದು. ವೇರಿಯಂಟ್ ಹಳೆಯದಾಗುವುದಿಲ್ಲ. ಪ್ರತಿ ಹೊಸ ವರ್ಷನ್ ಬಂದಾಗಲೂ ಅದನ್ನು ಮತ್ತೆ ಕಟ್ಟಬೇಕು, ಮತ್ತೆ ಪರೀಕ್ಷೆ ಮಾಡಬೇಕು. ಡೆಬಿಯನ್ 12 ಅಧಿಕೃತವಾಗಿ 9 ಬಗೆಯ ಪ್ರೊಸೆಸರ್‌ಗಳಿಗೆ ಬಂತು. ನಾಲ್ಕೇ ವೇರಿಯಂಟ್ ಅಂತ ಲೆಕ್ಕ ಹಿಡಿದರೂ ಒಂದು ಸೆಕ್ಯೂರಿಟಿ ತೂತು ಮುಚ್ಚಲು 36 ಬಿಲ್ಡ್. ಬೇಕು ಅಥವಾ ಬೇಡ ಅನ್ನುವ ಆಯ್ಕೆಗಳು ಹತ್ತಿದ್ದು, ಒಂದೊಂದು ಜೋಡಣೆಗೂ ಒಂದು ಪ್ಯಾಕೇಜ್ ಕೊಡಲು ಹೊರಟರೆ 1024 ಆಗುತ್ತವೆ. ಜೆಂಟೂ ಅನ್ನುವ ಇನ್ನೊಂದು ಲಿನಕ್ಸ್ ಈ ತಲೆನೋವನ್ನು ಬಳಸುವವರ ಕೈಗೇ ಕೊಟ್ಟಿದೆ: ಬೇಕಾದ್ದನ್ನು ಆರಿಸಿ ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳಿ.

ಬಗೆಗಳು ಹೆಚ್ಚಿದಷ್ಟೂ ಡಿಸ್ಕ್ ಜಾಗ ತುಂಬುತ್ತದೆ ಅನ್ನುವ ಭಯ ಮಾತ್ರ ಅರ್ಧ ತಪ್ಪು. ವಿಮ್‌ನ ಬಣ್ಣದ ನಿಯಮಗಳು, ಸಹಾಯದ ಪುಟಗಳು ಇರುವ ವಿಮ್-ರನ್‌ಟೈಮ್ 30 ಎಂಬಿ ದಾಟುತ್ತದೆ. ಅದನ್ನು ಬೇರೆ ಪ್ಯಾಕೇಜ್ ಮಾಡಿ ದೊಡ್ಡ ವೇರಿಯಂಟ್‌ಗಳೆಲ್ಲ ಹಂಚಿಕೊಳ್ಳುತ್ತವೆ. ವಿಮ್‌ನ ಬೈನರಿ, ಅಂದರೆ ಓಡುವ ಫೈಲು, ಕೆಲವೇ ಎಂಬಿ. ಜಾಗ ತಿನ್ನುವುದು ಅದರ ಜೊತೆ ಬರುವ ನೆಂಟರು. ಪರದೆಯೇ ಇಲ್ಲದ ಸರ್ವರ್‌ಗೆ ವಿಮ್-ಜಿಟಿಕೆ3 ಹಾಕಿದರೆ ಕಿಟಕಿ ಬಿಡಿಸುವ ಜಿಟಿಕೆ ಲೈಬ್ರರಿಗಳ ದಿಬ್ಬಣವೇ ಹಿಂದೆ ಬರುತ್ತದೆ. ಸುಮ್ನೆ.

ವಿಮ್‌ನವರಿಗೂ ಬಗೆಗಳು ಜಾಸ್ತಿಯಾಗಿ ಸಾಕಾಯಿತು. ಮೊದಲು ಟೈನಿ, ಸ್ಮಾಲ್, ನಾರ್ಮಲ್, ಬಿಗ್, ಹ್ಯೂಜ್ ಅಂತ ಐದಿದ್ದವು. ಈಗ ಸ್ಮಾಲ್ ಕೇಳಿದರೆ ಟೈನಿ ಸಿಗುತ್ತದೆ, ಬಿಗ್ ಕೇಳಿದರೆ ನಾರ್ಮಲ್. ಉಳಿದದ್ದು ಮೂರು.

ಇಷ್ಟೆಲ್ಲ ಹೇಳಿಕೊಟ್ಟ ಮೇಲೆ ಗೆಳೆಯರು ದೊಡ್ಡ ವಿಮ್ ಹಾಕಿಕೊಂಡು ಅದರ ಮಾಹಿತಿ ತೆಗೆದು ನನಗೇ ತೋರಿಸಿದರು. ಅದರಲ್ಲಿ ವಿಮ್ ತನ್ನ ಬಗೆಯನ್ನು ತಾನೇ ಹೀಗೆ ಹೇಳಿಕೊಂಡಿತ್ತು: 'ಹ್ಯೂಜ್ ವರ್ಷನ್'.