ಭಾರದ ಕಲ್ಲು ತಾನೇ ಕೂರುತ್ತದಾ?

ಹಿತ್ತಿಲಿಗೆ ದೊಡ್ಡ ಚಪ್ಪಡಿ ಹಾಸಬೇಕು ಅಂತ ಬರುವವರು ಮೊದಲು ಕೇಳುವುದು ಕಲ್ಲಿನ ಬಗ್ಗೆ. ಸಾದರಹಳ್ಳಿಯದಾ, ಶಹಾಬಾದಾ? ನಾನು ಮೊದಲು ಕೇಳುವುದು ಬೇರೆ. ಅಲ್ಲಿ ಬಿದ್ದ ಮಳೆ ನೀರು ಈಗ ಯಾವ ಕಡೆ ಹೋಗುತ್ತದೆ?

ಕಲ್ಲಿನ ವಿಷಯ ಬೇಗ ಮುಗಿಸುತ್ತೇನೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಗ್ರಾನೈಟ್. ಬಿಸಿಲು, ಮಳೆ ಯಾವುದಕ್ಕೂ ಜಗ್ಗುವುದಿಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್ ಸುಣ್ಣಕಲ್ಲು. ನೋಡಲು ಚೆನ್ನ, ಆದರೆ ಹುಣಸೆ ರಸ, ನಿಂಬೆ ರಸ ಬಿದ್ದರೆ ಕಲೆ ನಿಲ್ಲುತ್ತದೆ. ಹಿತ್ತಿಲಲ್ಲೇ ಪಾತ್ರೆ ತೊಳೆಯುವ ಮನೆಗೆ ಬೇಡ. ಪಾಲಿಶ್ ಕಲ್ಲಂತೂ ಬೇಡವೇ ಬೇಡ, ಒದ್ದೆಯಾದರೆ ಜಾರುತ್ತದೆ.

ನಾಲ್ಕಡಿ ಉದ್ದ, ಎರಡಡಿ ಅಗಲ, 3 ಇಂಚು ದಪ್ಪದ ಗ್ರಾನೈಟ್ ಚಪ್ಪಡಿ ಹತ್ತಿರ ಹತ್ತಿರ 150 ಕೆಜಿ ತೂಗುತ್ತದೆ. 'ಇಷ್ಟು ಭಾರ ಇದೆಯಲ್ಲ ಸಾರ್, ತಾನೇ ಕೂತ್ಕೊಳ್ಳತ್ತೆ' ಅನ್ನುವ ಮೇಸ್ತ್ರಿಗಳಿದ್ದಾರೆ. ಕೂರುತ್ತದೆ ನಿಜ, ನಾವು ಕೂರಿಸಿದ ಮಟ್ಟದಲ್ಲಿ ಅಲ್ಲ. ಶುರುವಿನಲ್ಲಿ ನಾನೂ ಹಾಗೇ ನಂಬಿ, ಹೊಸದಾಗಿ ಪೈಪ್ ಹಾಕಿ ಮುಚ್ಚಿದ್ದ ಜಾಗದ ಮೇಲೆ ಚಪ್ಪಡಿ ಹಾಸಿದ್ದೆ. ಮಣ್ಣನ್ನು ಸುಮ್ನೆ ಕಾಲಲ್ಲಿ ತುಳಿದಿದ್ದೆವು, ಅಷ್ಟೇ. ಮೊದಲ ಜೋರು ಮಳೆಗೇ ಎರಡು ಕಲ್ಲು ಇಳಿದು ನೀರು ನಿಂತಿತು. ನಾಲ್ಕು ಜನ ಹಾರೆ ಹಾಕಿ ಎಬ್ಬಿಸಿ, ನನ್ನ ಖರ್ಚಲ್ಲೇ ಮತ್ತೆ ಹಾಸಿದೆ.

ಈಗ 9 ಇಂಚು ಅಗೆಸುತ್ತೇನೆ. ಪುಡಿ ಬೆರೆಸಿದ ಜಲ್ಲಿ 5 ಇಂಚು, ಎರಡು ಸಲ ಹರಡಿ ಎರಡು ಸಲವೂ ದಮ್ಮಸ್ಸು ಹೊಡೆದು ಗಟ್ಟಿ ಮಾಡಿಸುತ್ತೇನೆ. ಅದರ ಮೇಲೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಒಂದಿಂಚು. ಮನೆ ಗೋಡೆಯಿಂದ ಆಚೆಗೆ 10 ಅಡಿಗೆ 2 ಇಂಚು ಇಳಿಜಾರು ಬೇಕು. ಇದು ಜಲ್ಲಿಯಲ್ಲೇ ಬರಬೇಕು. ಕಲ್ಲು ಕೂರಿಸುವಾಗ ಸರಿಮಾಡೋಣ ಅಂದರೆ ಆಗುವ ಮಾತಲ್ಲ.

ಕೈಯಲ್ಲಿ ಸೀಳಿದ ಚಪ್ಪಡಿ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಒಂದು ತುದಿ ಎರಡೂವರೆ ಇಂಚು, ಇನ್ನೊಂದು ಮೂರೂವರೆ. ಹಾಸುವ ಮುಂಚೆ ನಿಲ್ಲಿಸಿ ಅದರ ಹೊಟ್ಟೆ, ಅಂದರೆ ಅಡಿಭಾಗ ನೋಡಿ. ಉಬ್ಬಿದ ಕಡೆ ಮರಳು ಕೆರೆಯಿರಿ, ತಗ್ಗಿದ ಕಡೆ ತುಂಬಿ. ಇಳಿಸಿ, ಮರದ ಕೊಡತಿಯಲ್ಲಿ ದಾರದ ಮಟ್ಟಕ್ಕೆ ತಟ್ಟಿ. ಆಮೇಲೆ ಮೇಲೆ ನಿಂತು ಮೂಲೆಯಿಂದ ಮೂಲೆಗೆ ಭಾರ ಬದಲಾಯಿಸಿ. ಕಲ್ಲು ಅಲ್ಲಾಡಿ 'ಕಟ್' ಅಂತ ಸದ್ದು ಬಂದರೆ ಮತ್ತೆ ಎಬ್ಬಿಸಿ. ಬೇಜಾರಿನ ಕೆಲಸ, ಒಂದೊಂದು ಕಲ್ಲನ್ನು ಮೂರು ಸಲ ಎಬ್ಬಿಸಿದ್ದೂ ಇದೆ. ಅಲ್ಲಾಡುವ ಮೂಲೆಗೆ ಚಕ್ಕೆ ತುರುಕಿ ಮುಗಿಸುವವರನ್ನು ಕಂಡರೆ ನನಗಾಗದು. ಚಕ್ಕೆ ಮೇಲೆ ನಿಂತ ಕಲ್ಲಿನ ಕೆಳಗೆಲ್ಲ ಟೊಳ್ಳು. ಯಾರೋ ಒಂದು ದಿನ ತುಂಬಿದ ಸಿಲಿಂಡರ್ ಕುಕ್ಕಿದರೆ ನಡುವಿಗೇ ಬಿರುಕು.

ಸಂದು ಅರ್ಧ ಇಂಚು ಸಾಕು. ಸಿಮೆಂಟ್ ಬೇಡ, ಮರಳು ಗುಡಿಸಿ ತುಂಬಿ. ಒಂದೆರಡು ಮಳೆ ಆದ ಮೇಲೆ ಇಳಿದಿರುತ್ತದೆ, ಇನ್ನೊಮ್ಮೆ ತುಂಬಿ.

ಕೆಲಸ ಮುಗಿಯಿತು ಅಂದ ದಿನ ಗೋಡೆ ಬದಿಯಲ್ಲಿ ಎರಡು ಬಕೆಟ್ ನೀರು ಸುರಿದು ನೋಡಿ. ನೀರು ಹೊಸ್ತಿಲ ಕಡೆ ತಿರುಗಿದರೆ ಬಾಕಿ ದುಡ್ಡು ಕೊಡಬೇಡಿ.