ಕಾನೂನು ಅಡ್ಡ ಬರಲಿಲ್ಲ ಮಾರಾಯ್ರೇ

ಪ್ರಶ್ನೆ: ವಿಚ್ಛೇದನ ಆದವಳನ್ನು ರಾಜ ಮದುವೆಯಾಗಬಾರದು ಅಂತ ಬ್ರಿಟನ್ನಿನಲ್ಲಿ ಕಾನೂನು ಇತ್ತಂತೆ. ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟದ್ದು ಅದಕ್ಕೇ ಅಲ್ವಾ? ಹಾಗಾದರೆ ವಿಚ್ಛೇದನ ಆದ ಕ್ಯಾಮಿಲ್ಲಾಳ ಜೊತೆ ಚಾರ್ಲ್ಸ್ ಮದುವೆ ಹೇಗೆ ಆಯಿತು?

ಮತ್ತೆ ಅದೇ ಪ್ರಶ್ನೆ. ಲಂಡನ್ನಿನ ಅರಮನೆಯಲ್ಲಿ ಯಾರಾದರೂ ಮದುವೆಯಾದರೆ, ಜಗಳವಾಡಿದರೆ, ಮನೆ ಬಿಟ್ಟು ಹೋದರೆ ಸಾಕು, ಇದು ಬಂದೇ ಬರುತ್ತದೆ. ನಮ್ಮ ಕಾಸರಗೋಡು ಕಡೆಯ ಬದಿಯಡ್ಕದ ಮದುವೆ ಹಾಲಿನಲ್ಲಿ ಊಟಕ್ಕೆ ಕೂತರೆ ಪಾಯಸ ಬರುವ ಮೊದಲೇ ಪಕ್ಕದ ಎಲೆಯವರು ಕೇಳುತ್ತಾರೆ. ಇದಿರಿಗಿರುವ ಮದುಮಗಳ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಚಾರ್ಲ್ಸ್‌ನ ಮೊದಲ ಹೆಂಡತಿ ಡಯಾನಾಳ ಕಥೆ ಮಾತ್ರ ಸೀರಿಯಲ್ಲಿನ ಹಾಗೆ ಬಾಯಿಪಾಠ!

ಉತ್ತರ: ಅಲ್ಲ. ಅಂಥ ಕಾನೂನು ಇರಲೇ ಇಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬರೇ 'ಇಲ್ಲ' ಅಂದರೆ ಯಾರೂ ಒಪ್ಪುವುದಿಲ್ಲ. ಎಡ್ವರ್ಡ್ ಪಟ್ಟಕ್ಕೆ ಬಂದದ್ದು 1936ರ ಜನವರಿ 20ಕ್ಕೆ. ಅವನು ಮದುವೆಯಾಗಬೇಕೆಂದಿದ್ದ ವಾಲಿಸ್ ಸಿಂಪ್ಸನ್ ಅಮೆರಿಕದವಳು. ಮೊದಲ ಗಂಡನಿಂದ 1927ರಲ್ಲೇ ಬಿಡುಗಡೆಯಾಗಿತ್ತು. ಎರಡನೆಯವನ ಮೇಲೆ ಹೂಡಿದ ವಿಚ್ಛೇದನದ ಕೇಸು 1936ರ ಅಕ್ಟೋಬರ್‌ನಲ್ಲಿ ಇಪ್ಸ್‌ವಿಚ್ ಕೋರ್ಟಿನಲ್ಲಿ ನಡೆಯಿತು.

ಈಗ ಕಾನೂನು ನೋಡಿ. ರಾಜಮನೆತನದ ಮದುವೆಗಳ ಬಗ್ಗೆ 1772ರದ್ದೊಂದು ಕಾಯಿದೆ ಇತ್ತು. ಮನೆತನದವರು ಮದುವೆಯಾಗಬೇಕಾದರೆ ರಾಜನ ಒಪ್ಪಿಗೆ ಬೇಕು ಅಂತ ಅದು ಹೇಳುತ್ತಿತ್ತು. ರಾಜನೇ ಮದುವೆಯಾಗುವಾಗ ಯಾರ ಒಪ್ಪಿಗೆ ಕೇಳಬೇಕು? ಅವನಿಗೆ ಅದು ಅನ್ವಯವೇ ಆಗುತ್ತಿರಲಿಲ್ಲ. 1701ರ ಇನ್ನೊಂದು ಕಾಯಿದೆಯ ಪ್ರಕಾರ ಕೆಥೊಲಿಕರನ್ನು ಮದುವೆಯಾದರೆ ಪಟ್ಟ ಹೋಗುತ್ತಿತ್ತು. ವಾಲಿಸ್ ಕೆಥೊಲಿಕಳಲ್ಲ. ವಿಚ್ಛೇದನದ ಮಾತು ಎರಡರಲ್ಲೂ ಇಲ್ಲ. ಬೇಕಿದ್ದರೆ ರಾಜ ಮರುದಿನವೇ ರಿಜಿಸ್ಟರ್ ಮದುವೆಯಾಗಬಹುದಿತ್ತಾ ಅಂತ ಕೇಳಬೇಡಿ, ಆ ವಿಚ್ಛೇದನ ಪಕ್ಕಾ ಆದದ್ದೇ 1937ರ ಮೇಯಲ್ಲಿ.

ಹಾಗಾದರೆ ಅಡ್ಡ ಬಂದದ್ದು ಯಾರು? ಮಂತ್ರಿಗಳು. ಅಲ್ಲಿನ ರಾಜ ಮಂತ್ರಿಗಳ ಸಲಹೆಯಂತೆ ನಡೆಯಬೇಕು. ಅದು ಎಲ್ಲೂ ಬರೆದಿಟ್ಟ ನಿಯಮವಲ್ಲ, ರೂಢಿ. ರೂಢಿಯ ಬಲ ಎಷ್ಟು ಅಂತ ನಮ್ಮೂರಿನವರಿಗೆ ಹೇಳಬೇಕಾ? ಪ್ರಧಾನಿ ಬಾಲ್ಡ್ವಿನ್ ಈ ಮದುವೆ ಬೇಡ ಅಂದರು. ಸಲಹೆ ಮೀರಿದರೆ ಸರಕಾರ ರಾಜೀನಾಮೆ ಕೊಡುತ್ತದೆ, ರಾಜನ ಮದುವೆಯೇ ಚುನಾವಣೆಯ ವಿಷಯವಾಗುತ್ತದೆ. ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಸರಕಾರಗಳೂ ಒಪ್ಪಲಿಲ್ಲ. ಗಂಡ ಅಥವಾ ಹೆಂಡತಿ ಬದುಕಿರುವಾಗ ವಿಚ್ಛೇದಿತರಿಗೆ ಮರುಮದುವೆ ಮಾಡಿಸಲು ಇಂಗ್ಲೆಂಡಿನ ಚರ್ಚು ಆಗ ತಯಾರಿರಲಿಲ್ಲ. ಆ ಚರ್ಚಿಗೆ ಯಜಮಾನ ಅದೇ ರಾಜ! ಮುಜುಗರ ಇದ್ದದ್ದು ಇಲ್ಲಿ. ಕಾಯಿದೆ ಪುಸ್ತಕದಲ್ಲಲ್ಲ.

ಇನ್ನೊಂದು ತಮಾಷೆ. ಸಿಂಹಾಸನ ಬಿಡಲಿಕ್ಕೆ ಮಾತ್ರ ಕಾನೂನು ಬೇಕಾಯಿತು. ಡಿಸೆಂಬರ್ 10ಕ್ಕೆ ರಾಜ ಸಹಿ ಹಾಕಿದ, ಮರುದಿನ ಪಾರ್ಲಿಮೆಂಟಿನಲ್ಲಿ ಕಾಯಿದೆ ಪಾಸಾಯಿತು. ಬ್ರಿಟಿಷ್ ಪೇಪರುಗಳು ಡಿಸೆಂಬರ್ 3ರವರೆಗೆ ಇದರ ಸುದ್ದಿಯನ್ನೇ ಹಾಕಿರಲಿಲ್ಲ. ಅಲ್ಲಿನ ಸಾಮಾನ್ಯ ಜನರಿಗೆ ಗೊತ್ತಾಗಿ ಹತ್ತು ದಿನದೊಳಗೆ ಎಲ್ಲ ಮುಗಿದಿತ್ತು.

ಈ ತಪ್ಪು ತಿಳುವಳಿಕೆ ಹುಟ್ಟಿದ್ದು ಎಲ್ಲಿಂದ? ನನ್ನ ಅಂದಾಜಿನಲ್ಲಿ ಮಾರ್ಗರೆಟ್ ರಾಜಕುಮಾರಿಯ ಕಥೆಯಿಂದ. ವಿಚ್ಛೇದಿತನಾದ ಟೌನ್‌ಸೆಂಡ್‌ನನ್ನು ಮದುವೆಯಾಗುವುದಿಲ್ಲ ಅಂತ ಅವಳು 1955ರ ಅಕ್ಟೋಬರ್ 31ಕ್ಕೆ ಹೇಳಿದಳು. ಅವಳು ರಾಣಿ ಎಲಿಜಬೆತ್‌ಳ ತಂಗಿ, 1772ರ ಕಾಯಿದೆ ಅವಳಿಗೆ ತಾಗುತ್ತಿತ್ತು. ಜನ ಎರಡು ಕಥೆಯನ್ನೂ ಸೇರಿಸಿ ಒಂದು ಮಾಡಿದರು. ಚಾರ್ಲ್ಸ್ ವಿಷಯ ಸುಲಭ. ಆಗ ರಾಣಿಯಾಗಿದ್ದ ತಾಯಿ ಒಪ್ಪಿದರು, ಮಂತ್ರಿಗಳು ತಕರಾರು ಮಾಡಲಿಲ್ಲ, 2005ರ ಏಪ್ರಿಲ್ 9ಕ್ಕೆ ವಿಂಡ್ಸರಿನಲ್ಲಿ ರಿಜಿಸ್ಟರ್ ಮದುವೆ. ಆಮೇಲೆ ಚರ್ಚಿನಲ್ಲಿ ಪ್ರಾರ್ಥನೆ. ಅಷ್ಟೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ, ನನಗೆ ಅದರಲ್ಲೇ ಕುತೂಹಲ ಜಾಸ್ತಿ. ಎಡ್ವರ್ಡ್ ಕೊನೆಗೆ ಒಂದು ಉಪಾಯ ಹೇಳಿದ್ದ: ಮದುವೆಯಾಗುತ್ತೇನೆ, ಆದರೆ ಅವಳು ರಾಣಿಯಾಗುವುದು ಬೇಡ, ಮಕ್ಕಳಿಗೆ ಪಟ್ಟವೂ ಬೇಡ. ನಮ್ಮಲ್ಲಿ ಅಂಥ ಪದ್ಧತಿ ಇಲ್ಲ ಅಂತ ಲಂಡನ್ನಿನ ಮಂತ್ರಿಮಂಡಲ ತಳ್ಳಿಹಾಕಿತು.

ಆಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಎಡ್ವರ್ಡ್ ನಮಗೂ ಚಕ್ರವರ್ತಿ. ಅವನ ಮಂತ್ರಿಗಳಿಗೆ ಆಗದ ಏರ್ಪಾಡು ಈ ಕರಾವಳಿಯಲ್ಲಿ ಅಜ್ಜನ ಕಾಲದಿಂದ ನಡೆದುಕೊಂಡು ಬಂದಿತ್ತು. ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ, ಯಜಮಾನಿಕೆ ಹೋಗುತ್ತಿದ್ದದ್ದು ಅಕ್ಕತಂಗಿಯರ ಮಕ್ಕಳಿಗೆ. ಇಲ್ಲೇ ಹತ್ತಿರದ ಮಾಯಿಪ್ಪಾಡಿ ಅರಮನೆಯ ಕುಂಬಳೆ ಅರಸರದ್ದೂ ಇದೇ ಕಟ್ಟು. ಅರಸನ ಹೆಂಡತಿ ಯಾರು, ಮೊದಲು ಅವಳಿಗೆ ಮದುವೆಯಾಗಿತ್ತಾ ಅನ್ನುವುದರ ಮೇಲೆ ಪಟ್ಟ ನಿಂತಿರಲಿಲ್ಲ. ಬಿಡುಗಡೆಯಾಗಿ ಇನ್ನೊಂದು ಮದುವೆಯಾಗುವುದು ಕೂಡ ಅಳಿಯಕಟ್ಟಿನವರಲ್ಲಿ ಹೊಸತೇನಾಗಿರಲಿಲ್ಲ.

ಇಂಥದ್ದೇ ಕಟ್ಟಿದ್ದ, ಈಗಿನ ಕೇರಳದ ದಕ್ಷಿಣ ಭಾಗದ ತಿರುವಾಂಕೂರು ಸಂಸ್ಥಾನದಲ್ಲಂತೂ ಮಹಾರಾಜನ ಹೆಂಡತಿ 'ಅಮ್ಮಚ್ಚಿ', ರಾಣಿಯಲ್ಲ. ರಾಣಿಯರು ಅವನ ಅಕ್ಕತಂಗಿಯರು, ಸೋದರ ಸೊಸೆಯರು. ಹಾಗಂತ ಅಲ್ಲಿ ತಲೆಬಿಸಿ ಇರಲಿಲ್ಲ ಅಂತಲ್ಲ, ಬೇರೆ ಕಡೆ ಇತ್ತು. ಮನೆತನದಲ್ಲಿ ಹೆಣ್ಣು ಹುಟ್ಟದಿದ್ದರೆ ಗಾಬರಿ. 1900ರಲ್ಲಿ ಹಾಗಾದಾಗ ಮಾವೇಲಿಕ್ಕರದಿಂದ ಇಬ್ಬರು ಹೆಣ್ಣುಮಕ್ಕಳನ್ನು ದತ್ತು ತಂದರು. ಮುಂದಿನ ರಾಜನನ್ನು ಹೆರುವ ಹೊರೆ ಆ ಸಣ್ಣ ಮಕ್ಕಳ ತಲೆಗೆ ಬಿತ್ತು. ರಾಜನ ಕರ್ತವ್ಯದ ಬಗ್ಗೆ ಭಾಷಣ ಮಾಡುವವರು ಇದನ್ನು ನೆನಪಿಸುವುದೇ ಇಲ್ಲ.

ಅವರಲ್ಲಿ ಒಬ್ಬಳ ಮಗ ಮಹಾರಾಜ ಚಿತ್ತಿರ ತಿರುನಾಳ್. 1936ರ ನವೆಂಬರ್ 12ಕ್ಕೆ, ಲಂಡನ್ನಿನಲ್ಲಿ ಮದುವೆಯ ಗಲಾಟೆ ಬಿಸಿಯಾಗುತ್ತಿದ್ದಾಗ, ದೇವಸ್ಥಾನಗಳ ಬಾಗಿಲನ್ನು ಎಲ್ಲ ಜಾತಿಯ ಹಿಂದೂಗಳಿಗೆ ತೆರೆಯುವ ಘೋಷಣೆಗೆ ಸಹಿ ಹಾಕಿದವರು ಅವರೇ. ಅವರು ಮದುವೆಯಾಗಲೇ ಇಲ್ಲ. ಮನೆತನಕ್ಕೆ ಅದರಿಂದ ತೊಂದರೆಯೂ ಆಗಲಿಲ್ಲ. ಹಿರಿತನ ಅವರ ನಂತರ ತಮ್ಮನಿಗೆ ಬಂತು, ತಮ್ಮನ ನಂತರ ತಂಗಿಯ ಮಗನಿಗೆ.