60 ದಿನಗಳ ಗಡುವು ಎಲ್ಲಿ ಸೋರುತ್ತದೆ?

ಅಮೆರಿಕದ ಅಧ್ಯಕ್ಷರು ಎಲ್ಲೋ ಬಾಂಬ್ ದಾಳಿಗೆ ಆದೇಶ ಕೊಟ್ಟಾಗಲೆಲ್ಲ ‘60 ದಿನಗಳ ಮಿತಿ’ಯ ಮಾತು ಸುದ್ದಿಯಲ್ಲಿ ಬರುತ್ತದೆ. ಮಿತಿ ಇರುವುದು ನಿಜ: ಅಷ್ಟರೊಳಗೆ ಅಲ್ಲಿನ ಸಂಸತ್ತು ಒಪ್ಪದಿದ್ದರೆ ಕಾಳಗ ನಿಲ್ಲಿಸಬೇಕು. ಆದರೆ ದಿನ ಎಣಿಸುವುದು ಯಾವಾಗಿನಿಂದ, ಗಡುವು ಮೀರಿದರೆ ತಡೆಯುವವರು ಯಾರು ಎಂಬಲ್ಲೇ ತೊಡಕು.

ಅಲ್ಲಿನ ಸಂವಿಧಾನದ 1ನೇ ವಿಧಿ ಯುದ್ಧ ಸಾರುವ ಅಧಿಕಾರವನ್ನು ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ ಕೊಟ್ಟಿದೆ. 2ನೇ ವಿಧಿಯ ಪ್ರಕಾರ ಅಧ್ಯಕ್ಷರೇ ಸೇನೆಯ ಮಹಾದಂಡನಾಯಕರು. ಕಾಂಗ್ರೆಸ್ ವಿಧ್ಯುಕ್ತವಾಗಿ ಯುದ್ಧ ಸಾರಿದ್ದು 1942ರಲ್ಲೇ ಕೊನೆ. ವಿಯೆಟ್ನಾಂ ಯುದ್ಧದಿಂದ ಪಾಠ ಕಲಿತು, 1973ರ ನವೆಂಬರ್ 7ರಂದು ನಿಕ್ಸನ್ ಅವರ ವೀಟೊವನ್ನೂ ಮೀರಿ ಕಾಂಗ್ರೆಸ್ ಯುದ್ಧಾಧಿಕಾರ ನಿರ್ಣಯವನ್ನು ಕಾನೂನು ಮಾಡಿತು.

ಇದರ 4ನೇ ಸೆಕ್ಷನ್ ಪ್ರಕಾರ, ಸೇನೆ ಕಳಿಸಿದ 48 ಗಂಟೆಯೊಳಗೆ ಅಧ್ಯಕ್ಷರು ಲಿಖಿತ ವರದಿ ಕೊಡಬೇಕು. ವರದಿ ಮೂರು ಬಗೆ: ನೇರ ಕಾಳಗ ಅಥವಾ ಅದರ ಸನ್ನಿಹಿತ ಸಾಧ್ಯತೆ, ಯುದ್ಧಸಜ್ಜಾಗಿ ಪರನೆಲ ಪ್ರವೇಶ, ಅಲ್ಲಿ ಈಗಾಗಲೇ ಇರುವ ಸೇನೆಯ ದೊಡ್ಡ ಹೆಚ್ಚಳ. 60 ದಿನಗಳ ಗಡುವು ಅಂಟಿಕೊಂಡಿರುವುದು ಮೊದಲನೆಯದಕ್ಕೆ ಮಾತ್ರ. ಸುರಕ್ಷಿತವಾಗಿ ಸೇನೆ ಹಿಂತೆಗೆಯಲು ಬೇಕಾದರೆ ಇನ್ನೂ 30 ದಿನ. ಹಾಗಾಗಿ ಅಧ್ಯಕ್ಷರು ಕಳಿಸುವ ಪತ್ರಗಳಲ್ಲಿ ಸಾಮಾನ್ಯವಾಗಿ ಯಾವ ಬಗೆಯ ವರದಿ ಎಂಬುದನ್ನೇ ಹೇಳುವುದಿಲ್ಲ. ನಿರ್ಣಯಕ್ಕೆ ‘ಅನುಗುಣವಾಗಿ’ ತಿಳಿಸುತ್ತಿದ್ದೇವೆ ಎಂದಷ್ಟೇ ಬರೆಯುತ್ತಾರೆ. 1975ರಲ್ಲಿ ಕಾಂಬೋಡಿಯಾ ವಶಪಡಿಸಿಕೊಂಡಿದ್ದ ಅಮೆರಿಕದ ಮಾಯಾಗುವೆಜ್ ಹಡಗಿನ ಪ್ರಕರಣದಲ್ಲಿ ಫೋರ್ಡ್ ಮೊದಲ ಬಗೆಯನ್ನು ಹೆಸರಿಸಿದ್ದರು, ಆದರೆ ಆ ಹೊತ್ತಿಗೆ ಕಾರ್ಯಾಚರಣೆ ಮುಗಿದಿತ್ತು. ವರದಿ ಕೊಡಬೇಕಾದ ದಿನದಿಂದಲೇ ಗಡುವು ಶುರು ಎಂದು ಕಾನೂನು ಹೇಳುತ್ತದೆ, ನಿಜ. ಅದನ್ನು ಜಾರಿ ಮಾಡಿಸಲು ಕೋರ್ಟುಗಳು ಮುಂದೆ ಬಂದಿಲ್ಲ.

2011ರ ಲಿಬಿಯಾ ಪ್ರಕರಣ ನೋಡಿ. ವರದಿ ಹೋದದ್ದು ಮಾರ್ಚ್ 21ಕ್ಕೆ, 60 ದಿನ ತುಂಬಿದ್ದು ಮೇ 20ಕ್ಕೆ. ದಾಳಿ ನಿಲ್ಲಲಿಲ್ಲ. ನೆಲದ ಮೇಲೆ ನಮ್ಮ ಪಡೆಯಿಲ್ಲ, ಎರಡೂ ಕಡೆಯಿಂದ ನಿರಂತರ ಗುಂಡಿನ ಚಕಮಕಿಯಿಲ್ಲ, ಆದ್ದರಿಂದ ಇದು ಕಾನೂನು ಹೇಳುವ ಕಾಳಗವೇ ಅಲ್ಲ ಎಂದು ಒಬಾಮ ಸರ್ಕಾರ ವಾದಿಸಿತು. ಕ್ಷಿಪಣಿ, ಡ್ರೋನ್‌ಗಳ ಕಾಲದಲ್ಲಿ ಇದು ತುಂಬ ಅಪಾಯದ ವಾದ. ಹೀಗೆ ಓದಿದರೆ ಆಕಾಶದಿಂದ ನಡೆಯುವ ಯುದ್ಧಕ್ಕೆ ಗಡುವೇ ಉಳಿಯುವುದಿಲ್ಲ.

ಎರಡನೇ ಪೆಟ್ಟು ಸುಪ್ರೀಂ ಕೋರ್ಟಿನಿಂದ ಬಿತ್ತು. ಅಧ್ಯಕ್ಷರ ಅಂಕಿತವಿಲ್ಲದೆ ಎರಡೂ ಸದನಗಳ ಸರಳ ಬಹುಮತದಿಂದಲೇ ಸೇನೆಯನ್ನು ವಾಪಸ್ ಕರೆಸುವ ದಾರಿ ಮೂಲ ಕಾನೂನಿನಲ್ಲಿತ್ತು. ಅಂಥ ‘ಶಾಸಕಾಂಗದ ವೀಟೊ’ ಅಸಾಂವಿಧಾನಿಕ ಎಂದು 1983ರ ಚಡ್ಡಾ ತೀರ್ಪು ಹೇಳಿದ ಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿತು. ಈಗ ಬೇಕಾಗಿರುವುದು ಅಧ್ಯಕ್ಷರ ಮುಂದೆ ಹೋಗುವ ಜಂಟಿ ನಿರ್ಣಯ; ಅವರು ವೀಟೊ ಮಾಡಿದರೆ ಮೂರನೇ ಎರಡು ಬಹುಮತ. 2019ರಲ್ಲಿ ಯೆಮೆನ್ ಯುದ್ಧದಿಂದ ಅಮೆರಿಕ ಹಿಂದೆ ಸರಿಯಬೇಕೆಂಬ ನಿರ್ಣಯ ಎರಡೂ ಸದನ ದಾಟಿತು, ಟ್ರಂಪ್ ವೀಟೊ ಮಾಡಿದರು, ಸೆನೆಟ್‌ನಲ್ಲಿ 53–45ಕ್ಕೆ ನಿಂತುಹೋಯಿತು. ಬಹುಮತವಿದ್ದೂ ಸೋಲು.

ನಿಜಕ್ಕೂ ಹಿಡಿತವಿರುವುದು ಹಣದ ಮೇಲೆ. 1973ರ ಜೂನ್‌ನಲ್ಲಿ ಕಾಂಬೋಡಿಯಾ ಬಾಂಬ್ ದಾಳಿಗೆ ಹಣ ತಡೆಯುವ ಮಸೂದೆಯನ್ನು ನಿಕ್ಸನ್ ವೀಟೊ ಮಾಡಿದರು. ಆದರೆ ಸರ್ಕಾರ ನಡೆಯಲು ಅನುದಾನ ಬೇಕೇ ಬೇಕಿತ್ತು. ಕೊನೆಗೆ ಆಗಸ್ಟ್ 15ರ ಗಡುವಿಗೆ ಒಪ್ಪಿ ಸಹಿ ಹಾಕಿದರು, ಗಡುವಿನ ದಿನವೇ ದಾಳಿ ನಿಂತಿತು. ಸೊಮಾಲಿಯಾಕ್ಕೂ 1994ರ ಮಾರ್ಚ್ 31ರ ಗಡುವನ್ನು ಹೀಗೆಯೇ ಹಾಕಲಾಯಿತು. ಕಾರ್ಯಾಚರಣೆಯ ಹೆಸರು, ತಾರೀಖು ಎರಡನ್ನೂ ಅನುದಾನ ಮಸೂದೆಯಲ್ಲೇ ಬರೆಯಬೇಕು. ಬರೆಯದೆ ಹಣ ಕೊಟ್ಟರೆ, 1999ರ ಕೊಸೊವೊ ದಾಳಿಯ ವೇಳೆ ಕ್ಲಿಂಟನ್ ಸರ್ಕಾರ ಮಾಡಿದಂತೆ, ಹಣ ಕೊಟ್ಟಿದ್ದನ್ನೇ ಒಪ್ಪಿಗೆ ಎಂದು ತೋರಿಸುತ್ತಾರೆ. ಹಾಗೆ ಊಹಿಸಕೂಡದು ಎಂದು ಯುದ್ಧಾಧಿಕಾರ ನಿರ್ಣಯದ 8ನೇ ಸೆಕ್ಷನ್‌ನಲ್ಲೇ ಇದ್ದರೂ.